ಕುಕ್ಕೆ ಬಿಚ್ಚಿದ ಕರು

ಕರುವಿನ ಒಸಡು ಬೆಳ್ಳಗಾದದ್ದು ಅತ್ತಿಗೆ ಕುಕ್ಕೆ ಬಿಚ್ಚುವ ಮೊದಲೋ ಆಮೇಲೋ, ನನಗೆ ಖಚಿತವಿಲ್ಲ. ಮೊದಲೇ ಎಂದು ನೆನಪು ಹೇಳುತ್ತದೆ. ಆದರೆ ಅತ್ತಿಗೆಯ ಮೇಲಿನ ಕನಿಕರಕ್ಕೆ ನೆನಪು ತನ್ನನ್ನು ತಾನೇ ತಿದ್ದಿಕೊಂಡಿರಲೂಬಹುದು. ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದಿದವನಿಗೆ ಇಷ್ಟಾದರೂ ಅನುಮಾನ ಬೇಡವೇ?

ಹಿರಿಯೂರಿನ ಹತ್ತಿರ ನಮ್ಮ ಮನೆ. ಹಾಲು ಕುಡಿಯುವ ಕರು ಮಣ್ಣು ತಿನ್ನದಿರಲೆಂದು ಬಾಯಿಗೆ ಹಗ್ಗದಲ್ಲಿ ಹೆಣೆದ ಕುಕ್ಕೆ ಕಟ್ಟುವುದು ನಮ್ಮ ಕಡೆಯ ವಾಡಿಕೆ. ಹಾಲಿನ ಹೊತ್ತಿಗೆ ಮಾತ್ರ ಅದನ್ನು ಮೇಲೆ ಸರಿಸುತ್ತಾರೆ. ಅತ್ತಿಗೆಗೆ ಹೊಳಲ್ಕೆರೆಯ ತವರಿನಿಂದ ಬಂದ ಸೀಮೆಹಸುವಿನ ಮೊದಲ ಹೆಣ್ಣುಗರು ಅದು. ಕುಕ್ಕೆಯ ಮೂತಿಯನ್ನೇ ಕೊಟ್ಟಿಗೆಯ ಗೋಡೆಗೆ ಉಜ್ಜುತ್ತ ನಿಲ್ಲುತ್ತಿತ್ತು. ರಜೆಗೆ ಬಂದಿದ್ದ ನಾನು ಮಣ್ಣಿನಿಂದ ಹತ್ತುವ ಜಂತುಹುಳದ ಬಗ್ಗೆ ಏನೋ ಉಪನ್ಯಾಸ ಶುರುಮಾಡಿದ್ದೆ.

"ನಿನ್ ಬಾಯಿಗೂ ಒಂದ್ ಕುಕ್ಕೆ ಹಾಕ್ಲೇನಪ್ಪ?" ಎಂದು ಅತ್ತಿಗೆ ನಕ್ಕಿದ್ದರು.

ಒಂದು ಮಧ್ಯಾಹ್ನ ಅವರು ಕುಕ್ಕೆ ಬಿಚ್ಚಿಬಿಟ್ಟರು; ಮತ್ತೆ ಕಟ್ಟಲಿಲ್ಲ. ಕರು ಬೆಲ್ಲ ಸಿಕ್ಕಂತೆ ಮಣ್ಣಿನ ಗೋಡೆ ನೆಕ್ಕಿತು. ಅದೇ ವಾರ ಏಳಲಾರದೆ ಮಲಗಿತು. ಪಶುವೈದ್ಯರು ಬಂದು ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, "ರಕ್ತನೇ ಇಲ್ವಲ್ರಿ ಇದಕ್ಕೆ" ಎಂದರು. ಇಂಜೆಕ್ಷನ್ ಕೊಟ್ಟರು. ಉಳಿಯಲಿಲ್ಲ.

"ಪಾಪ ಅಂತ ಕುಕ್ಕೆ ಬಿಚ್ಚಿದ್ಲು ಮಹಾತಾಯಿ. ಮಣ್ಣು ತಿನ್ಸಿ ಸಾಯ್ಸಿದ್ಲು" ಎಂದಳು ಅವ್ವ. ಅತ್ತಿಗೆ ಖಾಲಿ ಕುಕ್ಕೆ ಎತ್ತಿಟ್ಟರು. ನಾನು ರಜೆ ಮುಗಿಸಿ ಚಿತ್ರದುರ್ಗದ ಬಸ್ಸು ಹತ್ತಿದೆ.

ಆಮೇಲೆ ಹುಟ್ಟಿದ ಯಾವ ಕರುವನ್ನೂ ಅತ್ತಿಗೆ ಮುಟ್ಟಿಲ್ಲ. ಈ ತಿಂಗಳು ಹಸು ಮತ್ತೆ ಈಯಲಿದೆ. ಮೊನ್ನೆ ನಾನು ಊರಿಗೆ ಹೋದಾಗ ಅತ್ತಿಗೆ ಅಣ್ಣನಿಗೆ ಹೇಳುತ್ತಿದ್ದರು: "ಕರ ನೀವೇ ನೋಡ್ಕಳ್ರಿ. ನನ್ ಕೈಗುಣ ಸರಿ ಇಲ್ಲ."

ಆ ಮಾತು ಕೊರೆಯುತ್ತಲೇ ಇತ್ತು. ದುರ್ಗದಲ್ಲಿ ಪರಿಚಯದ ಪಶುವೈದ್ಯರೊಬ್ಬರನ್ನು ಕೇಳಿದೆ. ಹಾಲಿನಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ, ಬರೀ ಹಾಲಿನಲ್ಲೇ ಇಟ್ಟ ಕರುವಿಗೆ ರಕ್ತಹೀನತೆ ಬರಬಹುದು, ಅಂಥದು ಮಣ್ಣು ಹುಡುಕಿಕೊಂಡು ಹೋಗುವುದೂ ಉಂಟು ಎಂದರು.

"ಆದ್ರೆ ನಿಮ್ಮ ಕರಕ್ಕೆ ಅದೇ ಆಗಿತ್ತು ಅಂತ ಈಗ ಹೆಂಗ್ ಹೇಳ್ಲಿ? ಮಣ್ಣು ನೆಕ್ಕೋಕೆ ಮುಂಚೇನೆ ಬಿಳಿಚ್ಕೊಂಡಿತ್ತಾ?"

ನನಗೆ ಗೊತ್ತಿಲ್ಲದ್ದು ಅದೊಂದೇ. ಅಂದೇ ಸರಿಯಾಗಿ ಬಗ್ಗಿ ನೋಡಿದ್ದರೆ ಸಾಕಿತ್ತು, ಮಾತಾಡುವುದರಲ್ಲೇ ಇದ್ದೆ.

ಡ್ರಾಯರಿನಲ್ಲಿ ಬಿದ್ದಿದ್ದ ಹಳೆಯ ಫೋನಿಗೆ ಚಾರ್ಜು ಹಾಕಿ ಹುಡುಕಿದೆ. ಒಂದು ಫೋಟೊ ಸಿಕ್ಕಿತು. ಅತ್ತಿಗೆ ಕುಕ್ಕೆಯನ್ನು ಮೂಗಿನ ಮೇಲಕ್ಕೆ ಸರಿಸಿ ಹಾಲು ಕುಡಿಸಲು ಹೊರಟಿದ್ದಾರೆ. ಕರು ಬಾಯಿ ತೆರೆದಿದೆ. ಒಸಡು ಸುಣ್ಣದಷ್ಟು ಬಿಳಿ. ಬಿಸಿಲಿನ ಬೆಳಕಿಗೆ ಫೋಟೊದಲ್ಲಿ ಬಣ್ಣ ಹೋಗಿರಬಹುದೆಂದು ಅತ್ತಿಗೆಯ ಕೈ ನೋಡಿದೆ. ಬಳೆಗಳು ಕೆಂಪಗೇ ಇವೆ.