ಬಟರ್ ಯಾವುದು, ಲೆಸ್ಸರ್ ಯಾವುದು

ಪಕ್ಕದ ಮನೆಯ ಮಾದಪ್ಪಣ್ಣ ಬಿಸಿಲಿಗೆ ಹಿಡಿದು ನೋಡದೆ ಯಾವುದನ್ನೂ ನಂಬುತ್ತಿರಲಿಲ್ಲ. ಹಾಲಿನ ಲೋಟ, ಔಷಧದ ಬಾಟಲಿ, ಮದುವೆ ಕಾರ್ಡಿನ ಚಿನ್ನದ ಅಕ್ಷರ, ಎಲ್ಲವೂ ಕೊಳ್ಳೇಗಾಲದ ನಮ್ಮ ಬೀದಿಯ ಬಿಸಿಲಿಗೆ ಒಮ್ಮೆ ಬರಲೇಬೇಕು. ಬಣ್ಣದ ರೇಷ್ಮೆ ನೂಲು ಮಾರಿಕೊಂಡಿದ್ದವರು. “ಟ್ಯೂಬ್‌ಲೈಟ್ ಕೆಳ್ಗೆ ಎಲ್ಲಾ ಚಿನ್ನವೇ ಕಣವ್ವ,” ಎನ್ನುತ್ತಿದ್ದರು.

ವ್ಯಾಪಾರ ಬಿಟ್ಟ ಮೇಲೆ ಅವರು ಎರಡು ಹಾವು ಸಾಕಿದರು. ಆಫ್ರಿಕಾ ಮೂಲದ ಬಾಲ್ ಪೈಥಾನ್. ವಿಷವಿಲ್ಲ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತವೆ. ಬೀದಿಯವರು, ಬಿಳಿಗಿರಿರಂಗನ ಬೆಟ್ಟದಿಂದ ಹೆಬ್ಬಾವಿನ ಮರಿ ಹಿಡಿದು ತಂದಿದ್ದಾರೆ ಎಂದು ಇವರ ಮೇಲೆ ಅನುಮಾನ ಪಟ್ಟರು. ಇವರ ಅನುಮಾನ ಮಾರಿದವನ ಮೇಲೆ. ಒಂದರ ಬಣ್ಣದ ತಳಿ ಬಟರ್, ಇನ್ನೊಂದರದು ಲೆಸ್ಸರ್ ಎಂದು ಅವನು ಹೇಳಿದ್ದ. ನೋಡಿದರೆ ಎರಡೂ ಹಾಲು ಹೆಚ್ಚಾದ ಕಾಫಿಯ ಬಣ್ಣ, ನಡುನಡುವೆ ತಿಳಿಹಳದಿ ಮಚ್ಚೆ. “ಒಂದೇ ಮಾಲಿಗೆ ಎರಡು ಎಸ್ರು ಇಟ್ಟು ಮಾರವ್ನೆ ಅಂತ ನಂಗೆ ಡೌಟು.”

ಒಮ್ಮೆ ಕಿಡ್ನಿ ಕಲ್ಲಿನ ನೋವೆಂದು ಕಾಮಗೆರೆ ಆಸ್ಪತ್ರೆ ಸೇರಿದಾಗ ಹಾವುಗಳಿದ್ದ ಎರಡೂ ಡಬ್ಬಿಗಳನ್ನು ನಮ್ಮ ಮನೆಯಲ್ಲಿ ಬಿಟ್ಟರು. ನಾನು ದಿನಾ ನೀರು ಬದಲಿಸಿ, ತಳ ಒರೆಸಿ ನೋಡಿಕೊಂಡೆ. ವಾಪಸು ಬಂದವರು ಕಾಫಿಯನ್ನೂ ಕುಡಿಯದೆ ಹಾವುಗಳನ್ನು ಅಂಗಳಕ್ಕೆ ಒಯ್ದರು.

“ಅದ್ಲುಬದ್ಲಾಗದೆ ಕಣವ್ವ. ನಮ್ ಬಟರ್ ಇಷ್ಟು ಮಂಕಾಗಿರ್ನಿಲ್ಲ.”

“ಇಲ್ಲ ಕಣಣ್ಣ, ಅವೇ.”

“ಅನೂರಿಂದ ನಿನ್ ತಮ್ಮ ಬಂದಿದ್ನಂತಲ್ಲ?”

“ಅವ್ನು ಹಲ್ಲಿ ಕಂಡ್ರೆ ಮಂಚ ಅತ್ತಿ ಕೂತ್ಕತಾನೆ. ಹಾವು ಕದಿಯಕ್ಕೆ ಬತ್ತಾನಾ?”

ಅವರು ನಗಲಿಲ್ಲ. ಡಬ್ಬಿಗಳನ್ನು ಎತ್ತಿಕೊಂಡು ಹೋದರು. ಮದುವೆಯಾಗಿ ಬಂದಾಗಿನಿಂದ ನಾನು ಅಣ್ಣ ಎಂದು ಕರೆಯುತ್ತಿದ್ದವರು ನನ್ನ ಮನೆಯನ್ನು ಕಳ್ಳರ ಮನೆ ಎಂದುಕೊಂಡರಲ್ಲ ಎಂದು ಅಂದು ಊಟ ಸೇರಲಿಲ್ಲ. ಸಾರಿನ ಬಟ್ಟಲು ಗೋಡೆ ದಾಟುವುದು ನಿಂತಿತು. ಬೀದಿಗೆ ಗೊತ್ತಾಗುವ ಮೊದಲು ಇದು ಸರಿಹೋಗಬೇಕಲ್ಲ ಎಂಬುದೇ ನನ್ನ ಚಿಂತೆ.

ಕೆಲವು ದಿನ ಕಳೆದು ಅವರೇ ಗೋಡೆಯಾಚೆ ನಿಂತು ಕೂಗಿದರು. ಕೈಯಲ್ಲಿ ಹಾವಿನ ಪೊರೆ. ಪೊರೆ ಬಿಡುವ ಮುಂಚೆ ಹಾವಿನ ಬಣ್ಣ ಮಂಕಾಗುತ್ತದೆಂದು ನನಗೆ ಹೇಳಿಕೊಟ್ಟಿದ್ದವರು ಅವರೇ. ಅನುಮಾನ ಹೊಕ್ಕರೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ.

“ಬಟರೇ ಕಣವ್ವ.”

“ನಂಗೆ ಗೊತ್ತಿತ್ತು.”

“ನಿಂಗೆಂಗೆ ಗೊತ್ತು?” ಅದರಲ್ಲೂ ಅನುಮಾನ.

ಅವರ ಮನೆಯೊಳಗೆ ಹೋಗಿ ತೋರಿಸಿದೆ. ಬಟರಿನ ಎಡಪಕ್ಕೆಯಲ್ಲಿ, ಕತ್ತಿನ ಹಿಂದಿನ ಮಚ್ಚೆಯೊಳಗೆ ಎರಡು ಚುಕ್ಕೆ. ಲೆಸ್ಸರಿಗೆ ಅದೇ ಜಾಗದಲ್ಲಿ ಒಂದೇ. ಇದು ತಳಿಯ ಗುರುತಲ್ಲ, ಆ ಎರಡು ಹಾವುಗಳ ಗುರುತು ಅಷ್ಟೆ. ನೀರಿಡುವಾಗ ದಿನಾ ಕಣ್ಣಿಗೆ ಬಿದ್ದದ್ದು. ಅವರು ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು. ಆಮೇಲೆ ದನಿ ತಗ್ಗಿಸಿದರು: “ಯಾರ್ಗೂ ಹೇಳ್ಬ್ಯಾಡ. ಗೊತ್ತಾದ್ರೆ ಪೆನ್ನಲ್ಲಿ ಚುಕ್ಕೆ ಇಟ್ಟು ಮಾರ್ಬುಡ್ತಾರೆ.” ತಪ್ಪಾಯಿತು ಎನ್ನಲಿಲ್ಲ. ಸಂಜೆ ಅವರ ಮನೆಯ ಹುರುಳಿಕಾಳಿನ ಸಾರು ಬಂತು.

ಅವರನ್ನು ಕೊನೆಯ ಸಲ ನೋಡಿದ್ದು ಮೈಸೂರಿಗೆ ಆಪರೇಷನ್‌ಗೆ ಹೊರಟ ದಿನ. ಅಲ್ಲಿಂದ ಅವರು ಬರಲಿಲ್ಲ. ಆ ದಿನ ಡಬ್ಬಿಗಳನ್ನು ನಮ್ಮ ಮನೆಗೆ ತಂದಿಟ್ಟಾಗ ನಾನೇ ಹೇಳಿದೆ, “ಈಗ್ಲೇ ಸರಿಯಾಗಿ ನೋಡ್ಕಂಡು ಬುಡಿ ಅಣ್ಣ. ಆಮೇಲೆ ನನ್ ಮೇಲೆ ಬರ್ಬಾರ್ದು.”

“ನೀನು ನೋಡ್ತೀಯಲ್ಲವ್ವ,” ಎಂದರು. ಮುಚ್ಚಳ ತೆಗೆಯಲೂ ಇಲ್ಲ.

ಹುಟ್ಟಿದಾಗಿನಿಂದ ಅದೇ ಬೀದಿಯಲ್ಲಿದ್ದ ಮನುಷ್ಯ ಆಟೋ ಹತ್ತಿ ಕೂತು ಡ್ರೈವರನ್ನು ಕೇಳುತ್ತಿದ್ದುದು ನನ್ನ ಬಾಗಿಲಿಗೂ ಕೇಳಿಸಿತು: “ಏನ್ಲಾ, ಬಸ್‌ಸ್ಟ್ಯಾಂಡಿಗೆ ಇದೇ ದಾರೀನಾ?”