ಜೈನಾಬ್ ಕಟ್ಟಿದ ಹರಿಗೋಲು

ಜೈನಾಬ್ ನನ್ನ ತಮ್ಮ ಆಸಿಫನ ಹೆಂಡತಿ, ಗಬ್ಬೂರಿನವಳು. ಅವಳ ಬಗ್ಗೆ ಒಳ್ಳೆಯದನ್ನು ಹೇಳಲು ನನಗೆ ಮನಸ್ಸಿಲ್ಲ. ಆದರೆ ನಮ್ಮ ಮನೆತನದ ಕಸುಬಿನ ಕಥೆಯನ್ನು ಅವಳನ್ನು ಬಿಟ್ಟು ಹೇಳಲು ಬರುವುದಿಲ್ಲ, ಅದೇ ಸಂಕಟ.

ದೇವದುರ್ಗದಲ್ಲಿ ನಾವು ಮೂರು ತಲೆಮಾರಿನಿಂದ ಮೀನುಗಾರರಿಗೆ ಹರಿಗೋಲು ಕಟ್ಟಿಕೊಡುತ್ತೇವೆ. ಅಜ್ಜ ಬಿದಿರಿನ ಬುಟ್ಟಿಗೆ ಎಮ್ಮೆಯ ಚರ್ಮ ಹೊದಿಸುತ್ತಿದ್ದ. ಅಪ್ಪ ಸತ್ತಾರ್ ಸಾಬ್ ಕಾಲಕ್ಕೆ ತಾಡಪತ್ರಿ, ಡಾಂಬರು ಬಂದವು. ಜೈನಾಬ್ ಬಂದವಳೇ ಮಾನ್ವಿಯ ಅಕ್ಕಿ ಗಿರಣಿಯ ಪ್ಲಾಸ್ಟಿಕ್ ಚೀಲಗಳನ್ನು ಎರಡು ಪದರ ಹೊಲಿದು ಅದರ ಮೇಲೆ ಡಾಂಬರು ಬಳಿದಳು. ಹರಿಗೋಲು ಹಗುರಾಯಿತು, ಗಿರಾಕಿಗಳು ಹೆಚ್ಚಿದರು. ಆಸಿಫ್ ರಾಯಚೂರಿನಲ್ಲಿ ಆಟೊ ಓಡಿಸುತ್ತಾನೆ, ಅವನಿಗೆ ಇದರ ಗೊಡವೆಯಿಲ್ಲ. ಇಪ್ಪತ್ತು ವರ್ಷ ಬಿದಿರು ಸೀಳಿ ಅಂಗೈ ಒಡೆದುಕೊಂಡವನು ನಾನು, ಮುಷರ್ರಫ್. ಹೊಗಳಿಕೆ ಮಾತ್ರ ಅವಳಿಗೆ! "ಸೊಸಿ ಕೈ ಭಾಳ ಛಲೋ ಅದ" ಎಂದು ಅಪ್ಪ ಗಿರಾಕಿಗಳ ಮುಂದೆ ಹೇಳಿದಾಗಲೆಲ್ಲ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

ನಮ್ಮಲ್ಲಿ ತಳ ಕಟ್ಟುವ ಹಕ್ಕು ಮನೆಗೆ ಒಬ್ಬರಿಗೇ. ಕಳೆದ ಬೇಸಿಗೆಯಲ್ಲಿ ಅಪ್ಪನ ಕೈ ನಡುಗತೊಡಗಿದಾಗ ಆ ಹಕ್ಕು ಇನ್ನು ನನ್ನದೇ ಅಂದುಕೊಂಡೆ. ಆದರೆ ಅಪ್ಪ ಮೀನುಗಾರ ತಾಯಣ್ಣನ ಹರಿಗೋಲಿನ ತಳವನ್ನು ಜೈನಾಬಳಿಂದ ಕಟ್ಟಿಸಿದ. ಪರೀಕ್ಷೆಯೊಂದು ಬಾಕಿ ಇತ್ತು. ಕಟ್ಟಿದವರು ಒಳಗೆ ಬಿಳಿ ಬಟ್ಟೆ ಹಾಸಿ ನಡುಹೊಳೆಗೆ ಹೋಗಿಬರಬೇಕು. ಬಟ್ಟೆ ಒಣಗಿದ್ದರೆ ಹಕ್ಕು ಅವರದು. ತಳ ಸೋರಿದರೆ ಒಂದು ವರ್ಷ ತಳಕ್ಕೆ ಕೈ ಹಚ್ಚುವಂತಿಲ್ಲ.

ಹಿಂದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ನಾನು ತಳದ ಹೊಲಿಗೆಯ ಮೇಲಿನ ಡಾಂಬರನ್ನು ಬೆರಳಗಲ ಕೆರೆದು, ಹೊಲಿಗೆ ಬಿಚ್ಚಿ, ಕಾಣದಂತೆ ಮಸಿ ಕಲಸಿದ ಎಣ್ಣೆ ಸವರಿದೆ. ಆಗ ನಾಚಿಕೆಯೇನೂ ಆಗಲಿಲ್ಲ. ಊಟ ಚೆನ್ನಾಗಿಯೇ ಸೇರಿತು.

ಮರುದಿನ ಕೃಷ್ಣೆಯ ದಂಡೆಯಲ್ಲಿ ಅಪ್ಪ ಹುಟ್ಟನ್ನು ನನ್ನ ಕೈಗೇ ಕೊಡಬೇಕೆ?

"ಆಕಿ ಕೂಡ ನೀನೂ ಹೋಗು."

ನನಗೆ ಈಜು ಬರದು. ಬೇಡ ಅಂದರೆ ಗುಟ್ಟು ರಟ್ಟಾಗುತ್ತಿತ್ತು, ಹತ್ತಿ ಕೂತೆ.

ನಡುಹೊಳೆಯಲ್ಲಿ ನೀರು ಜಿನುಗಿತು. ಜೈನಾಬ್ ಬಟ್ಟೆಯನ್ನು ತಟ್ಟನೆ ಎತ್ತಿ ಮಡಿಲಿಗೆ ಹಾಕಿಕೊಂಡಳು. ಅವಳಿಗೂ ಹಕ್ಕಿನ ಆಸೆ ಇತ್ತಲ್ಲ. ಸೋರುವ ಕಡೆ ಬೆರಳಾಡಿಸಿ ಮೂಸಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಸೆರಗಿನ ತುದಿಯನ್ನು ತೂತಿಗೆ ತುರುಕಿ ಹಿಮ್ಮಡಿಯಿಂದ ಒತ್ತಿ ಹಿಡಿದು, "ಲಗು ಲಗು ನಡಸ್ರಿ, ಭಾಯಿ" ಎಂದಳು.

ದಂಡೆಯಲ್ಲಿ ತಾಯಣ್ಣನ ಎದುರೇ ಅಪ್ಪ ಬಟ್ಟೆ ಮುಟ್ಟಿ ನೋಡಿದ. "ಶಾಬಾಸ್! ಒಣಗೇ ಅದ."

ಅವಳು ಸುಮ್ಮನಿದ್ದರೆ ಗೆದ್ದಿದ್ದಳು. ಸುಮ್ಮನಿರಲಿಲ್ಲ.

"ಬಟ್ಟಿ ನಾ ಎತ್ತಿ ಹಿಡಿದಿದ್ದೆ, ಮಾಮಾ. ತಳ ಸೋರಾಕತ್ತದ. ಇದನ್ನ ತಾಯಣ್ಣಗ ಕೊಡಬ್ಯಾಡ್ರಿ."

ಅಪ್ಪ ಬಗ್ಗಿ ನೋಡಿದ. ಎಣ್ಣೆಯ ವಾಸನೆ ಅವನಿಗೂ ಬಡಿದಿರಬೇಕು, ತಿರುಗಿ ನನ್ನನ್ನೇ ನೋಡಿದ.

"ಕಟ್ಟಿದಾಕಿ ನಾನು. ತಪ್ಪೂ ನಂದೇ" ಎಂದು ಅವಳು ಮಾತು ಮುಗಿಸಿದಳು.

ಹೀಗೆ ಒಂದು ವರ್ಷದ ಮಟ್ಟಿಗೆ ಹಕ್ಕು ನನಗೆ ಬಂತು. ಈಚೆಗೆ ನಾನೇ ಕಟ್ಟಿದ ಹರಿಗೋಲನ್ನು ತಾಯಣ್ಣನಿಗೆ ತೋರಿಸಿದೆ. ಹನಿ ನೀರೂ ಸೋರದ ತಳ. ಅವನು ಸುತ್ತ ಒಮ್ಮೆ ನೋಡಿ ಕೈ ಒರೆಸಿಕೊಂಡ.

"ಛಲೋ ಅದ ಬಿಡ್ರಿ. ಆದ್ರ ನಾ ಈ ವರ್ಷ ಹಳೇದ್ರಾಗ ಕಳೀತೀನಿ. ಸೋರ್ತದ ಅಂತ ಬಾಯಿಬಿಟ್ಟು ಹೇಳಾಕಿ ಕಟ್ಟಿದ್ರಾಗ ಕುಂತ್ರ ಜೀವಕ್ಕ ಧೈರ್ಯ ಇರ್ತದ."