ಉಸಿರು ಬಿಡಿ

ಮೂಲೆ ಅಂಗಡಿಯ ದರ್ಜಿ ಮಾಮನಿಗೆ ಅಳತೆ ಕೊಡುವುದೆಂದರೆ ಅರ್ಧ ದಿನದ ಕೆಲಸ. ಟೇಪು ಎದೆಗೆ ಸುತ್ತಿದ್ದೇ ತಡ, ಗಂಡಸರೆಲ್ಲ ಹೊಟ್ಟೆ ಒಳಗೆಳೆದುಕೊಂಡು ಪೈಲ್ವಾನರಂತೆ ನಿಲ್ಲುತ್ತಾರೆ. ಮಾಮ "ಉಸಿರು ಬಿಡಿ" ಎಂದು ಸುಮ್ಮನೆ ಕಾಯುತ್ತಾನೆ. ಅವಸರವೇ ಇಲ್ಲ ಮಹಾರಾಯನಿಗೆ. ಬಿಟ್ಟ ಉಸಿರಿನ ಹಿಂದೆಯೇ ಮಾತೂ ಬರುತ್ತದೆ: ಸಾಹೇಬರ ಗದರಿಕೆ, ಮಗಳ ಮುನಿಸು, ಮನೆಯಲ್ಲಿ ಹೇಳಿಕೊಳ್ಳಲಾಗದ ಹೆದರಿಕೆ. ಬುದ್ಧಿ ಹೇಳುವ ಚಟ ಅವನಿಗಿಲ್ಲ, "ಹೌದಾ? ಆಮೇಲೆ?" ಅನ್ನುತ್ತಾನೆ, ಅಷ್ಟೇ. ಅಳತೆ ಪುಸ್ತಕದಲ್ಲಿ ಮಾತ್ರ "ಎದೆ ನಲವತ್ತು, ಸೊಂಟ ಮೂವತ್ತೆಂಟು, ತಮ್ಮನ ಜೊತೆ ಮಾತು ಬಿಟ್ಟಿದ್ದಾರೆ, ಎದೆ ಭಾರ, ಅರ್ಧ ಇಂಚು ಸಡಿಲ ಇರಲಿ" ಎಂದು ಬರೆದಿಟ್ಟಿರುತ್ತಾನೆ. ಅಂಗಿ ಒಯ್ಯಲು ಬಂದವರನ್ನು ಮೊದಲು ಕೇಳುವುದೂ ತಮ್ಮನ ಸುದ್ದಿಯನ್ನೇ. ರಾಜಿಯಾಗಿದೆ ಎಂದರೆ ಆ ಅರ್ಧ ಇಂಚನ್ನು ನಿಂತ ನಿಲುವಿನಲ್ಲೇ ಹಿಡಿದು ಹೊಲಿದುಕೊಡುತ್ತಾನೆ. ಇಂಥವನ ಸ್ವಂತ ಅಂಗಿ ಮಾತ್ರ ಸದಾ ಬಿಗಿ, ಗುಂಡಿ ಈಗಲೋ ಆಗಲೋ ಹಾರುವಂತಿರುತ್ತದೆ. ಒಂದು ದಿನ ಹೆಂಡತಿ ಅವನ ಕೊರಳಿನ ಟೇಪು ಎಳೆದು ಅವನ ಎದೆಗೇ ಸುತ್ತಿ, "ಊರಿನವರದ್ದೆಲ್ಲ ಆಯ್ತಲ್ಲ, ಈಗ ನೀವು ಉಸಿರು ಬಿಡಿ, ನೋಡೋಣ" ಅಂದಳು. ಮಾಮ ನಕ್ಕ, ನಗುತ್ತಲೇ ಉಸಿರು ಬಿಗಿಹಿಡಿದು ನಿಂತ. "ಬಿಟ್ರೆ ಟೇಪು ಸಾಲಲ್ಲ ಕಣೇ" ಅಂದ. ಅವಳು ಟೇಪು ಬಿಡಲಿಲ್ಲ. "ಹೌದಾ? ಆಮೇಲೆ?" ಅಂದಳು.